ಕಾಲು ನಿಂತರೂ ದೇಣಿಗೆ ನಿಲ್ಲದಿರಲಿ: ಗೆಳೆಯರ 100 ಕಿ.ಮೀ. ನಡಿಗೆಗೆ ತಯಾರಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು, 35ರಿಂದ 42ರ ಒಳಗಿನವರು. ಎಲ್ಲರದೂ ಕೂತು ಮಾಡುವ ಕೆಲಸ. ನಮ್ಮಲ್ಲೊಬ್ಬನ ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಆರೈಕೆ ಕೇಂದ್ರಕ್ಕೆ ದೇಣಿಗೆ ಸಂಗ್ರಹಿಸಲು 24 ಗಂಟೆಯಲ್ಲಿ 100 ಕಿಲೋಮೀಟರ್ ನಡೆಯಬೇಕೆಂದಿದ್ದೇವೆ. ಕೈಯಲ್ಲಿ ಆರು ತಿಂಗಳಿದೆ. ‘ನಾಲ್ವರೂ ಪೂರ್ತಿ ನಡೆದರೆ ಮಾತ್ರ ಕೊಡಿ’ ಎಂದು ಕೇಳಿದರೆ ಜನ ಹೆಚ್ಚು ಕೊಡುತ್ತಾರೆ ಎಂಬುದು ಒಬ್ಬನ ವಾದ. ತಯಾರಿ ಹೇಗೆ? ದುಡ್ಡು ಕೇಳುವುದು ಹೇಗೆ? ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಉತ್ತರ: ನಿಮ್ಮ ಗೆಳೆಯನ ವಾದದಿಂದಲೇ ಶುರು ಮಾಡೋಣ, ಉಳಿದ ತಯಾರಿಯೆಲ್ಲ ಆ ತೀರ್ಮಾನದ ಮೇಲೆ ನಿಂತಿದೆ. ಆ ಷರತ್ತು ಬೇಡ. ‘ಮುಗಿಸಿದರೆ ಮಾತ್ರ’ ಅಂದಿರೋ, ನಾಲ್ವರಲ್ಲಿ ಯಾರ ಕಾಲು ಮೊದಲು ಸೋಲುತ್ತದೋ ಅವರ ಕಾಲಿಗೆ ಇಡೀ ಮೊತ್ತವನ್ನು ಕಟ್ಟಿದ ಹಾಗೆ. 80ನೇ ಕಿಲೋಮೀಟರಿನಲ್ಲಿ, ಬೆಳಗಿನ ಜಾವ ನಾಲ್ಕಕ್ಕೆ, ಕಣಕಾಲು ಊದಿಕೊಂಡವನು ‘ನನ್ನಿಂದಾಗದು’ ಎಂದು ಬಾಯಿ ಬಿಡುವುದಿಲ್ಲ. ‘ಸಾಕು, ಕೂತುಕೋ’ ಎನ್ನಲು ಉಳಿದ ಮೂವರಿಗೂ ನಾಲಿಗೆ ಏಳುವುದಿಲ್ಲ. ಎರಡು ವಾರದ ವಿಶ್ರಾಂತಿಯಲ್ಲಿ ಹೋಗುತ್ತಿದ್ದ ನೋವು ಮೂಳೆಯ ಬಿರುಕಾಗಿ ತಿಂಗಳುಗಟ್ಟಲೆ ಕೂರಿಸುವುದು ಹೀಗೆ.

ಷರತ್ತಿದ್ದರೆ ಹೆಚ್ಚು ದುಡ್ಡು ಬರುತ್ತದೆ ಎಂಬ ಎಣಿಕೆಯೂ ಗಟ್ಟಿಯಲ್ಲ. ಜನ ಕೊಡುವುದು ಕೇಳಿದವರ ಮುಖ ನೋಡಿ, ಕಾರಣ ನೋಡಿ. ಇಂಥ ಸವಾಲುಗಳಲ್ಲೆಲ್ಲ ಹೆಸರಾದದ್ದು ಕೆನಡಾದ ಟೆರಿ ಫಾಕ್ಸ್ ಓಟ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಆ ಯುವಕ 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ತೀರದಿಂದ ಹೊರಟು, ದಿನಕ್ಕೆ ಸುಮಾರು ಒಂದು ಮ್ಯಾರಥಾನಿನಷ್ಟು ಓಡುತ್ತ, 143 ದಿನಗಳಲ್ಲಿ 5,373 ಕಿ.ಮೀ. ಕ್ರಮಿಸಿದ. ಸೆಪ್ಟೆಂಬರ್ 1ರಂದು ಥಂಡರ್ ಬೇ ಬಳಿ ನಿಲ್ಲಬೇಕಾಯಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. ಪಶ್ಚಿಮ ತೀರ ಮುಟ್ಟಲಿಲ್ಲ. ಆದರೂ ದೇಶದ ಪ್ರತಿಯೊಬ್ಬರಿಗೆ ಒಂದು ಡಾಲರಿನಂತೆ ಕೂಡಿಸಬೇಕೆಂಬ ಅವನ ಗುರಿಯನ್ನು ಮುಂದಿನ ಫೆಬ್ರವರಿಯ ಹೊತ್ತಿಗೆ ಜನ ತುಂಬಿಸಿಕೊಟ್ಟರು: 2 ಕೋಟಿ 40 ಲಕ್ಷ ಡಾಲರಿಗೂ ಮಿಗಿಲು. ಅರ್ಧಕ್ಕೆ ನಿಂತ ಓಟ ಎಂದು ಯಾರೂ ಕೈ ಹಿಂದೆಗೆಯಲಿಲ್ಲ.

ಆದ್ದರಿಂದ ದೇಣಿಗೆ ಪುಟದ ಎರಡನೇ ಸಾಲಿನಲ್ಲೇ ಬರೆಯಿರಿ: ‘ನಾವು ಎಷ್ಟು ದೂರ ನಡೆದರೂ ನೀವು ಕೊಟ್ಟದ್ದು ಪೂರ್ತಿ ಕೇಂದ್ರಕ್ಕೆ ಸೇರುತ್ತದೆ.’ ಗುರಿಯ ಮುಕ್ಕಾಲು ಪಾಲು ನಡಿಗೆಯ ಹಿಂದಿನ ದಿನದೊಳಗೆ ಬಂದಿರುವಂತೆ ನೋಡಿಕೊಳ್ಳಿ. ಆಗ ರಾತ್ರಿ ನಿಲ್ಲಬೇಕೋ ಬೇಡವೋ ಎಂಬುದು ಬರೀ ಕಾಲಿನ ಪ್ರಶ್ನೆಯಾಗುತ್ತದೆ, ದುಡ್ಡಿನ ಪ್ರಶ್ನೆಯಾಗುವುದಿಲ್ಲ.

24 ಗಂಟೆಯ ಲೆಕ್ಕ

100 ಕಿ.ಮೀ.ಯನ್ನು 24ರಿಂದ ಭಾಗಿಸಿದರೆ ಗಂಟೆಗೆ 4.2 ಕಿ.ಮೀ. ಸುಲಭವೆನಿಸುತ್ತದೆ. ಈಗ ಬಿಡಿಸಿ ನೋಡಿ. ಮೊದಲ 50 ಕಿ.ಮೀ. ಗಂಟೆಗೆ 5ರಂತೆ 10 ಗಂಟೆ, ಮುಂದಿನ 30 ಕಿ.ಮೀ. 4.3ರಂತೆ 7 ಗಂಟೆ, ಕೊನೆಯ 20 ಕಿ.ಮೀ. 3.7ರಂತೆ ಸುಮಾರು ಐದೂವರೆ ಗಂಟೆ. ಇಪ್ಪತ್ತೆರಡೂವರೆ ಅಲ್ಲೇ ಮುಗಿಯಿತು. ಊಟ, ಶೌಚ, ಕಾಲ್ಚೀಲ ಬದಲಾವಣೆ, ಗುಳ್ಳೆಯ ಚಿಕಿತ್ಸೆ ಎಲ್ಲಕ್ಕೂ ಸೇರಿ ಉಳಿಯುವುದು ಒಂದೂವರೆ ಗಂಟೆ. ಇದೂ ಸಮತಟ್ಟು ದಾರಿಗೆ. ಏರು ಇದ್ದರೆ 1892ರ ನೇಸ್ಮಿತ್ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಗಂಟೆಗೆ 5 ಕಿ.ಮೀ. ಲೆಕ್ಕದ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಕೂಡಿಸಿ. ಒಟ್ಟು ಏರು 1,500 ಮೀಟರ್ ಆದರೆ ಎರಡೂವರೆ ಗಂಟೆ ಹೆಚ್ಚು.

ಮೊದಲ ಸಲ ಹೋಗುವ ನಾಲ್ವರು ಹೊರಗೆ ಹೇಳಬೇಕಾದದ್ದು 30 ಗಂಟೆ. ಒಳಗೆ 26ಕ್ಕೆ ಯೋಜನೆ ಹಾಕಿಕೊಳ್ಳಿ. ಹೊತ್ತು ಸೋರುವುದು ನಡಿಗೆಯಲ್ಲಲ್ಲ, ನಿಲುಗಡೆಯಲ್ಲಿ. 15 ನಿಮಿಷವೆಂದು ಕೂತದ್ದು 35 ಆಗುತ್ತದೆ. ಐದು ಕಡೆ ಹಾಗಾದರೆ 100 ನಿಮಿಷ ಹೋಯಿತು. ಪ್ರತಿ ನಿಲುಗಡೆಯಲ್ಲೂ ಗಡಿಯಾರ ಹಿಡಿದು ‘ಐದು ನಿಮಿಷ ಉಳಿದಿದೆ’ ಎಂದು ಕೂಗುವ ಕೆಲಸವನ್ನು ನಡೆಯದ ಒಬ್ಬರಿಗೆ ಕೊಡಿ. ನಡೆಯುವವರೇ ಕೂಗಿದರೆ ಜಗಳವಾಗುತ್ತದೆ.

ಹೊರಡುವುದು ನಸುಕಿನ ಐದು–ಆರು ಗಂಟೆಗೆ. ಕತ್ತಲಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ, ಎದುರಿಸಬೇಕಾದ ರಾತ್ರಿ ಒಂದೇ. ಸಂಜೆ ಕೆಲಸ ಮುಗಿಸಿ ಹೊರಟರೆ 12 ಗಂಟೆಯ ಎಚ್ಚರದ ದಣಿವನ್ನು ಹೊತ್ತುಕೊಂಡೇ ಮೊದಲ ಹೆಜ್ಜೆ ಇಟ್ಟ ಹಾಗೆ.

ದಾರಿಯ ಬಗ್ಗೆ: ನೇರ 100 ಕಿ.ಮೀ. ಹೇಳಿಕೊಳ್ಳಲು ಚೆಂದ. ಆದರೂ ಮೊದಲ ಸಲಕ್ಕೆ 20 ಕಿ.ಮೀ.ಯ ಸುತ್ತು ಐದು ಬಾರಿ ಎಂಬುದೇ ಸರಿ. ಸಾಮಾನು ಒಂದೇ ಕಡೆ ಇರುತ್ತದೆ, ಸಹಾಯಕರು ಅಲೆಯಬೇಕಿಲ್ಲ, ಯಾರಿಗಾದರೂ ಸುಸ್ತಾದರೆ ಹತ್ತು ಕಿಲೋಮೀಟರಿಗಿಂತ ದೂರದಲ್ಲಿರುವುದಿಲ್ಲ. ದೇಣಿಗೆ ಕೊಟ್ಟವರು ಬಂದು ಒಂದು ಸುತ್ತು ಜೊತೆಗೆ ನಡೆಯಲೂಬಹುದು. ಇದರಿಂದ ಬರುವ ದುಡ್ಡು ಕಡಿಮೆಯೇನಲ್ಲ. ಕೆಡುಕು ಒಂದೇ: ಪ್ರತಿ ಸುತ್ತಿನ ಕೊನೆಗೂ ಕುರ್ಚಿ ಕಾಣುತ್ತದೆ. ರಾತ್ರಿ ಆ ದಾರಿಯಲ್ಲಿ ಓಡಾಡಲು ಅನುಮತಿ ಬೇಕೇ ಎಂದು ಸ್ಥಳೀಯ ಆಡಳಿತವನ್ನೂ ಪೊಲೀಸರನ್ನೂ ಮೊದಲೇ ಕೇಳಿ. ಉದ್ಯಾನ, ಕಾಡುದಾರಿ, ಕೆರೆ ಏರಿ ಇಂಥವಕ್ಕೆ ಕತ್ತಲಾದ ಮೇಲೆ ಬೀಗ ಬೀಳುವುದುಂಟು.

ಆರು ತಿಂಗಳ ಅಭ್ಯಾಸ

ಎದೆನೋವು, ನಡೆಯುವಾಗ ತಲೆಸುತ್ತು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಅಭ್ಯಾಸಕ್ಕೂ ಮೊದಲು ವೈದ್ಯರನ್ನು ನೋಡಿ. ಇದರಲ್ಲಿ ಚರ್ಚೆ ಬೇಡ.

ವಾರಕ್ಕೆ ಮೂರು ನಡಿಗೆ ಸಾಕು: ಮುಕ್ಕಾಲು ಗಂಟೆಯವು ಎರಡು, ಉದ್ದದ್ದು ಒಂದು. ಉದ್ದದ್ದು 8–10 ಕಿ.ಮೀ.ಯಿಂದ ಶುರುವಾಗಿ ವಾರಕ್ಕೆ 2–3 ಕಿ.ಮೀ. ಏರಲಿ. ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಉಸಿರು, ಸ್ನಾಯುಗಳು ಬೇಗ ಪಳಗುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆ ಎರಡೂ ನಿಧಾನ. ಎರಡನೇ ತಿಂಗಳಲ್ಲಿ ‘ಆರಾಮಾಗಿದೆ, ದುಪ್ಪಟ್ಟು ಮಾಡೋಣ’ ಅನ್ನಿಸುವುದೂ ಮೊಣಕಾಲಿನ ಕೆಳಗಿನ ಮೂಳೆ ನೋವು ಹತ್ತುವುದೂ ಒಂದೇ ಕಾಲಕ್ಕೆ. 12ನೇ ವಾರಕ್ಕೆ 25 ಕಿ.ಮೀ., 18ನೇ ವಾರಕ್ಕೆ 40, 22ನೇ ವಾರಕ್ಕೆ 50–55. ಅದೇ ಗರಿಷ್ಠ. ಅಭ್ಯಾಸದಲ್ಲಿ 80–90 ನಡೆದು ನೋಡಬೇಕಿಲ್ಲ, ಅದರಿಂದ ಚೇತರಿಸಿಕೊಳ್ಳುವಷ್ಟರಲ್ಲಿ ನಿಜವಾದ ದಿನ ಬಂದಿರುತ್ತದೆ. ಅದರ ಬದಲು ಎರಡು ವಿಶೇಷ ಅಭ್ಯಾಸ ಮಾಡಿ: ಶನಿವಾರ 30, ಮರುದಿನ ಬಿಗಿದ ಕಾಲಿನಲ್ಲೇ 20. ಇನ್ನೊಂದು, ರಾತ್ರಿ ಒಂಬತ್ತಕ್ಕೆ ಹೊರಟು ಬೆಳಗಿನ ಜಾವದವರೆಗೆ 25–30 ಕಿ.ಮೀ. ಕೊನೆಯ ಎರಡು ವಾರಗಳಲ್ಲಿ ಮೊದಲು ಅರ್ಧಕ್ಕೆ, ಆಮೇಲೆ ಮೂರನೇ ಒಂದಕ್ಕೆ ಇಳಿಸಿ.

ವಾರಕ್ಕೆ ಎರಡು ಸಲ 15 ನಿಮಿಷ ಬಲವರ್ಧನೆ: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಿನಲ್ಲಿ ಮೆಟ್ಟಿಲಿನಿಂದ ನಿಧಾನವಾಗಿ ಇಳಿಯುವುದು, ಬಸ್ಕಿ. ಮಂಡಿ ಸೋಲುವುದು ಏರಿನಲ್ಲಲ್ಲ, ಇಳಿಜಾರಿನಲ್ಲಿ. ಅಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು.

ನಾಲ್ವರೂ ಜೊತೆಯಾಗಿ ಅಭ್ಯಾಸ ಮಾಡುವುದು ಫಿಟ್‌ನೆಸ್‌ಗಿಂತ ಹೆಚ್ಚಾಗಿ ವೇಗ ಹೊಂದಿಸಿಕೊಳ್ಳಲು. ತಂಡದ ವೇಗ ಎಂದರೆ ಎಲ್ಲರಿಗಿಂತ ನಿಧಾನದವರ ವೇಗ. ಸಾಮಾನ್ಯವಾಗಿ ಆಗುವುದು ಹೀಗೆ: ಮೂವರು ಮುಂದೆ ಹೋಗಿ ಕಾಯುತ್ತಾರೆ, ನಾಲ್ಕನೆಯವನು ಏದುಸಿರು ಬಿಡುತ್ತ ಸೇರುತ್ತಾನೆ, ವಿಶ್ರಾಂತಿ ಮುಗಿಸಿದ್ದ ಮೂವರು ತಕ್ಷಣ ಏಳುತ್ತಾರೆ. ಹೆಚ್ಚು ದಣಿದವನಿಗೇ ವಿಶ್ರಾಂತಿ ಇಲ್ಲ. ಇದಕ್ಕೆ ಮದ್ದು ಸುಲಭ: ನಿಧಾನದವರು ಮುಂದೆ, ಉಳಿದವರು ಹಿಂದೆ. ನಾಲ್ಕು ಎಂಬ ಸಂಖ್ಯೆ ಮಾತ್ರ ಚೆನ್ನಾಗಿ ಕೂಡಿಬಂದಿದೆ. ಹಾಂಗ್‌ಕಾಂಗಿನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ 1981ರಲ್ಲಿ ಶುರುವಾಗಿ, 1986ರಲ್ಲಿ ಆಕ್ಸ್‌ಫ್ಯಾಮ್ ಸಂಸ್ಥೆ ಕೈಜೋಡಿಸಿದ ಮೇಲೆ ಜನಸಾಮಾನ್ಯರಿಗೂ ತೆರೆದ ಟ್ರೇಲ್‌ವಾಕರ್ ಎಂಬ 100 ಕಿ.ಮೀ. ದೇಣಿಗೆ ನಡಿಗೆಯಲ್ಲೂ ತಂಡಕ್ಕೆ ನಾಲ್ವರೇ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರಲು, ಇಬ್ಬರು ಸಹಾಯ ತರಲು: ಗುಡ್ಡದಾರಿಯ ಹಳೆಯ ಲೆಕ್ಕವೂ ಇದೇ.

ಪಾದ

ಇಂಥ ನಡಿಗೆಯಲ್ಲಿ ಜನ ಹೊರಬೀಳುವುದು ಹೆಚ್ಚಾಗಿ ಎದೆಗುಂಡಿಗೆಯ ದೆಸೆಯಿಂದಲ್ಲ, ಅಂಗೈಯಗಲದ ಚರ್ಮದಿಂದ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ನೀರುಗುಳ್ಳೆ ಏಳುವುದು ಬರೀ ಉಜ್ಜಾಟದಿಂದಲ್ಲ. ಹೊರಚರ್ಮ ಕಾಲ್ಚೀಲಕ್ಕೆ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಹೆಜ್ಜೆಗೊಮ್ಮೆ ಹಿಂದೆಮುಂದೆ ಜರುಗುತ್ತದೆ, ನಡುವಿನ ಪದರ ಹರಿದು ಅಲ್ಲಿ ನೀರು ತುಂಬುತ್ತದೆ. ಒದ್ದೆ ಚರ್ಮ ಹೆಚ್ಚು ಅಂಟುತ್ತದೆ. ಹಾಗಾಗಿ ಮೂರು ಕಡೆಯಿಂದ ತಡೆಯಬಹುದು: ಒಣಗಿಸುವುದು, ಜಾರುವಂತೆ ಮಾಡುವುದು, ಶೂ ಒಳಗೆ ಪಾದ ಓಲಾಡದಂತೆ ಮಾಡುವುದು.

ಶೂ ನಿತ್ಯದ ಅಳತೆಗಿಂತ ಅರ್ಧದಿಂದ ಒಂದು ಅಳತೆ ದೊಡ್ಡದಿರಲಿ. 60 ಕಿ.ಮೀ. ದಾಟುವಷ್ಟರಲ್ಲಿ ಪಾದ ಊದಿ, ಉದ್ದ ಅಗಲ ಎರಡೂ ಹೆಚ್ಚುತ್ತವೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು, ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಆ ದಿನದ ಶೂ 100 ಕಿ.ಮೀ. ಆಸುಪಾಸು ನಡೆದು ಪಳಗಿರಲಿ. ಹೊಚ್ಚ ಹೊಸದು ಕಚ್ಚುತ್ತದೆ. 600–700 ಕಿ.ಮೀ. ಸವೆದದ್ದರ ಮೆತ್ತೆ ಸತ್ತಿರುತ್ತದೆ. ಹತ್ತಿಯ ಕಾಲ್ಚೀಲ ಬೇಡ, ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ಇಲ್ಲವೇ ಸಿಂಥೆಟಿಕ್ ಆಗಲಿ. ಬೆರಳುಗಳ ನಡುವೆ ಗುಳ್ಳೆ ಏಳುವವರಿಗೆ ಬೆರಳು ಬೇರ್ಪಡಿಸಿದ ಕಾಲ್ಚೀಲ. ತಲಾ ಐದು ಜೊತೆ ಇರಲಿ, ಸುತ್ತಿಗೊಮ್ಮೆ ಬದಲಿಸಿ. ಬದಲಿಸುವಾಗ ಪಾದ ಒರೆಸಿ, ಐದು ನಿಮಿಷ ಗಾಳಿಗೆ ಬಿಟ್ಟು, ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಹಚ್ಚಿ. ತೊಡೆಸಂದು, ಕಂಕುಳು, ಚೀಲದ ಪಟ್ಟಿ ತಾಗುವ ಜಾಗಕ್ಕೂ ಅದೇ. ಉಗುರನ್ನು ನಾಲ್ಕೈದು ದಿನ ಮೊದಲೇ ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ಹರಿತವಾದ ಮೂಲೆ ಪಕ್ಕದ ಬೆರಳನ್ನು ಸೀಳುತ್ತದೆ.

ಅಭ್ಯಾಸದಲ್ಲಿ ಎಲ್ಲಿ ಗುಳ್ಳೆ ಎದ್ದಿತ್ತೋ ಅಲ್ಲಿಗೆ ಹೊರಡುವ ಮೊದಲೇ ಕಾಗದದ ಸರ್ಜಿಕಲ್ ಟೇಪು ಸುತ್ತಿ. ಮಡಿಕೆ ಬರಬಾರದು, ಮೂಲೆಗಳನ್ನು ದುಂಡಗೆ ಕತ್ತರಿಸಿ. ಟೇಪು ಹಾಕುವ ಜಾಗಕ್ಕೆ ಜೆಲ್ಲಿ ತಾಗಿಸಬೇಡಿ, ನಿಲ್ಲುವುದಿಲ್ಲ. ನಡೆಯುವಾಗ ಎಲ್ಲಾದರೂ ಬಿಸಿ ಮುಟ್ಟಿದಂತೆ ಉರಿದರೆ ‘ಮುಂದಿನ ನಿಲುಗಡೆಯಲ್ಲಿ ನೋಡೋಣ’ ಎನ್ನದೆ ಆ ಕ್ಷಣವೇ ನಿಂತು ಟೇಪು ಹಾಕಿ. ನಾಲ್ಕು ನಿಮಿಷದ ಕೆಲಸ. ಬಿಟ್ಟರೆ ಒಂದು ಗಂಟೆಯಲ್ಲಿ ಗುಳ್ಳೆ. ಗುಳ್ಳೆ ಎದ್ದು ನೋಯುತ್ತಿದ್ದರೆ ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬೇಡಿ. ನಂಜುನಿವಾರಕ ಹಚ್ಚಿ, ಅಂಟದ ಪ್ಯಾಡ್ ಇಟ್ಟು ಅದರ ಮೇಲೆ ಟೇಪು. ಒಳಗೆ ರಕ್ತ ಕಂಡರೆ ಚುಚ್ಚಬೇಡಿ.

ಇನ್ನೊಂದು ಕಡೆಗಣಿಸುವ ವಿಷಯ ಶೂ ದಾರ. ಪಾದ ಊದುತ್ತ ಹೋದಂತೆ ಕಣಕಾಲಿನ ಮುಂಭಾಗದಲ್ಲಿ ದಾರ ಒತ್ತಿ, ಅಲ್ಲಿನ ಸ್ನಾಯುರಜ್ಜು ಉರಿಯೂತಗೊಂಡು, 70ನೇ ಕಿಲೋಮೀಟರಿನ ಹೊತ್ತಿಗೆ ಪಾದ ಎತ್ತಲಾಗದಂತಾಗುತ್ತದೆ. ಪ್ರತಿ ಸುತ್ತಿಗೂ ದಾರ ಬಿಚ್ಚಿ ಕಟ್ಟಿ, ಮೇಲಿನ ಎರಡು ತೂತು ಸಡಿಲವಿರಲಿ.

ಊಟ, ನೀರು, ರಾತ್ರಿ

70 ಕಿಲೋ ತೂಕದವರಿಗೆ ಕಿಲೋಮೀಟರಿಗೆ 50–60 ಕ್ಯಾಲೊರಿ ಖರ್ಚು. 100ಕ್ಕೆ ಐದಾರು ಸಾವಿರ. ಅಷ್ಟನ್ನೂ ತಿಂದು ತುಂಬಿಸಬೇಕಿಲ್ಲ, ದೇಹದ ಕೊಬ್ಬು ನೆರವಾಗುತ್ತದೆ. ಗಂಟೆಗೆ 40–60 ಗ್ರಾಂ ಕಾರ್ಬೊಹೈಡ್ರೇಟ್ ಗುರಿಯಾಗಿರಲಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾದಾಗ ಅಲ್ಲ, ಗಡಿಯಾರ ನೋಡಿ ತಿನ್ನಿ. 50 ಕಿ.ಮೀ. ದಾಟಿದ ಮೇಲೆ ಸಿಹಿ ಕಂಡರೆ ಓಕರಿಕೆ ಬರುತ್ತದೆ, ಉಪ್ಪಿನದು, ಮೆತ್ತಗಿನದು, ಬೆಚ್ಚಗಿನದು ಬೇಕೆನಿಸುತ್ತದೆ. ಆದ್ದರಿಂದ ಎರಡೂ ಬಗೆ ಕಟ್ಟಿಕೊಳ್ಳಿ. ಆ ದಿನ ತಿನ್ನುವುದೆಲ್ಲ ಅಭ್ಯಾಸದಲ್ಲಿ ತಿಂದು ನೋಡಿದ್ದೇ ಆಗಿರಲಿ.

ನೀರು ಬಾಯಾರಿಕೆಗೆ ತಕ್ಕಂತೆ. ಹವೆ, ಬೆವರು ನೋಡಿ ಗಂಟೆಗೆ 400ರಿಂದ 800 ಮಿ.ಲೀ. ‘ಎಷ್ಟು ಕುಡಿದರೆ ಅಷ್ಟು ಒಳ್ಳೆಯದು’ ಎಂಬ ಬುದ್ಧಿಮಾತೇ ಅಪಾಯಕಾರಿ. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿದರೆ ಹೈಪೊನೆಟ್ರೀಮಿಯಾ. 2002ರ ಬೋಸ್ಟನ್ ಮ್ಯಾರಥಾನಿನ ಕೊನೆಯಲ್ಲಿ ರಕ್ತ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ 13 ಮಂದಿಗೆ ಇದು ಕಂಡಿತ್ತು. ಹೆಚ್ಚು ಹೊತ್ತು ದಾರಿಯಲ್ಲಿದ್ದು, ತೂಕ ಏರುವಷ್ಟು ಕುಡಿದವರಲ್ಲೇ ಹೆಚ್ಚು. ನಿಧಾನವಾಗಿ ಇಡೀ ದಿನ ನಡೆಯುವ ನೀವು ಅದೇ ಗುಂಪಿನವರು. ತಲೆನೋವು, ವಾಂತಿ, ಊದಿದ ಬೆರಳು, ತೊದಲು ಮಾತು ಕಂಡವರಿಗೆ ‘ನೀರು ಕುಡಿ’ ಎಂದು ಮತ್ತಷ್ಟು ಕುಡಿಸಿದರೆ ಪ್ರಾಣಕ್ಕೇ ಸಂಚಕಾರ. ನೀರಿನ ಜೊತೆ ಉಪ್ಪಿನ ತಿನಿಸು ಹೋಗಲಿ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ. ಪುಡಿ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಯನ್ನು ಆ ದಿನ ನುಂಗಬೇಡಿ. ದಣಿದು ನೀರಿಳಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಜೊತೆಗೆ, ನಿಲ್ಲು ಎಂದು ಹೇಳುತ್ತಿರುವ ನೋವಿನ ಬಾಯಿಯನ್ನೂ ಮುಚ್ಚುತ್ತದೆ.

ರಾತ್ರಿ ಮೂರರಿಂದ ಐದರವರೆಗೆ ದೇಹದ ಉಷ್ಣ, ಎಚ್ಚರ, ಉತ್ಸಾಹ ಮೂರೂ ತಳ ಮುಟ್ಟುತ್ತವೆ. ‘ಇದೆಲ್ಲ ಯಾಕೆ’ ಎಂಬ ಪ್ರಶ್ನೆ ಏಳುವುದು ಆಗಲೇ, ಬೆಳಕು ಹರಿದೊಡನೆ ಅರ್ಧ ಮಾಯವಾಗುತ್ತದೆ. ಕಾಫಿಯನ್ನು ಹಗಲಲ್ಲಿ ಖರ್ಚು ಮಾಡದೆ ಈ ಹೊತ್ತಿಗೆ ಉಳಿಸಿಡಿ. ತಲೆಗೆ ಕಟ್ಟುವ ದೀಪ ನಾಲ್ವರಿಗೂ ಬೇಕು, ಬದಲಿ ಬ್ಯಾಟರಿ ಸಹಿತ. ಫೋನಿನ ಟಾರ್ಚ್ ದೀಪವಲ್ಲ, ಅದು ಫೋನನ್ನು ಕೊಲ್ಲುವ ದಾರಿ. ಬೆಳಕು ಪ್ರತಿಫಲಿಸುವ ಅಂಗಿ ತೊಡಿ. ಕಾಲುದಾರಿ ಇಲ್ಲದ ರಸ್ತೆಯಲ್ಲಿ ವಾಹನಗಳಿಗೆ ಎದುರು ಮುಖವಾಗಿ, ಸಾಲಾಗಿ ನಡೆಯಿರಿ. ನಿಲುಗಡೆಯಲ್ಲಿ ಕೂತೊಡನೆ ಬೆವರು ತಣ್ಣಗಾಗಿ ನಡುಕ ಹತ್ತುತ್ತದೆ. ಕೂರುವ ಮೊದಲೇ ಒಣ ಬಟ್ಟೆ.

ನಿಲ್ಲಿಸುವ ಪಟ್ಟಿ

ಇದನ್ನು ಒಂದು ತಿಂಗಳು ಮೊದಲೇ ಕಾಗದದ ಮೇಲೆ ಬರೆದು ನಾಲ್ವರೂ ಸಹಿ ಹಾಕಿ. ಎದೆನೋವು ಅಥವಾ ಎಚ್ಚರ ತಪ್ಪುವುದು. ಗೊಂದಲದ ಮಾತು, ಓಲಾಟ. ಪದೇ ಪದೇ ವಾಂತಿಯಾಗಿ ಎರಡು ಗಂಟೆ ಏನೂ ಒಳಗೆ ನಿಲ್ಲದಿರುವುದು. ಕಪ್ಪು ಚಹದ ಬಣ್ಣದ ಮೂತ್ರ (ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರ್ಥ, ನೇರ ಆಸ್ಪತ್ರೆಗೆ). ಮೂಳೆಯ ಮೇಲೆ ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸಬಹುದಾದ, ನಿಂತಾಗಲೂ ಹೋಗದ ನೋವು. ಕುಂಟುತ್ತ ನಡೆಯುವುದು: ಒಂದು ಕಾಲು ಉಳಿಸಲು ಹೋಗಿ ಇನ್ನೊಂದು ಕೆಡುತ್ತದೆ. ಬಿಸಿಲಿನಲ್ಲಿ ಮೈ ಸುಡುತ್ತ ಬುದ್ಧಿ ಮಂಕಾದರೆ ಅದು ಉಷ್ಣಾಘಾತ. ತುರ್ತು ನೆರವಿಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ತಣ್ಣೀರಿನಿಂದ ಮೈ ತಣಿಸುತ್ತಿರಿ.

ಇವುಗಳಲ್ಲಿ ಯಾವುದಕ್ಕೂ ಮತದಾನ ಇಲ್ಲ. ಕೊನೆಯ ಮಾತು ನಡೆಯದ ಸಹಾಯಕರದ್ದು, ಏಕೆಂದರೆ 20 ಗಂಟೆ ನಡೆದವರ ತೀರ್ಮಾನ ನಂಬುವಂಥದ್ದಲ್ಲ. ಒಬ್ಬರು ನಿಂತರೆ ಉಳಿದ ಮೂವರು ಮುಂದುವರಿಯಬಹುದು. ನಿಂತವರು ಆ ಕ್ಷಣದಿಂದ ಸಹಾಯಕ ತಂಡ ಸೇರುತ್ತಾರೆ. ಇದನ್ನೂ ಮೊದಲೇ ಮಾತಾಡಿಕೊಂಡಿದ್ದರೆ ನಿಂತವರಿಗೆ ನಾಚಿಕೆಯಾಗುವುದಿಲ್ಲ.

ಸಹಾಯಕರು ಕನಿಷ್ಠ ಮೂವರು: ಇಬ್ಬರು ಪಾಳಿಯ ಮೇಲೆ ವಾಹನಕ್ಕೆ, ಒಬ್ಬರು ಊಟ–ಟೇಪು–ಗಡಿಯಾರಕ್ಕೆ. ನಡೆದವರು ಯಾರೂ ಅಂದು ವಾಹನ ಓಡಿಸಕೂಡದು, ಎರಡು ಕಿಲೋಮೀಟರಾದರೂ ಸರಿ. ರಾತ್ರಿಯೆಲ್ಲ ಎಚ್ಚರವಿದ್ದ ಸಹಾಯಕರೂ ಅಷ್ಟೇ. ಮನೆಗೆ ಒಯ್ಯಲು ನಿದ್ದೆ ಮಾಡಿದ ಚಾಲಕರೊಬ್ಬರು ಬೆಳಿಗ್ಗೆ ಬರಲಿ.

ದುಡ್ಡು

ಮೊದಲ ಫೋನು ಗೆಳೆಯರಿಗಲ್ಲ, ಆರೈಕೆ ಕೇಂದ್ರಕ್ಕೆ. ಐದು ವಿಷಯ ಕೇಳಿ: ಅವರ ಹೆಸರು, ಲಾಂಛನ ಬಳಸಲು ಲಿಖಿತ ಒಪ್ಪಿಗೆ, ದೇಣಿಗೆ ನೇರವಾಗಿ ಅವರ ಖಾತೆಗೆ ಸೇರುವ ದಾರಿ, ರಸೀದಿ ಕೊಡುವವರು ಯಾರು, ತೆರಿಗೆ ರಿಯಾಯಿತಿ ಇದ್ದರೆ ಕೊಟ್ಟವರಿಂದ ಯಾವ ಮಾಹಿತಿ ಬೇಕು, ಒಬ್ಬ ರೋಗಿಯ ಒಂದು ದಿನದ ಆರೈಕೆಗೆ ಎಷ್ಟು ತಗಲುತ್ತದೆ.

ನಿಮ್ಮಲ್ಲೊಬ್ಬರ ಸ್ವಂತ ಖಾತೆಗೆ ದುಡ್ಡು ಬರಿಸಬೇಡಿ. ಕಳ್ಳತನದ ಸಂಶಯಕ್ಕಿಂತ ದೊಡ್ಡ ತೊಂದರೆ ಬೆರಕೆಯದು. ಮೂರು ವಾರ ಕಳೆದ ಮೇಲೆ ಯಾವುದು ಸಂಬಳ, ಯಾವುದು ದೇಣಿಗೆ, ಯಾವುದು ಟೀ ಶರ್ಟಿನ ದುಡ್ಡು ಎಂದು ಬಿಡಿಸುವುದೇ ಕಷ್ಟ, ರಸೀದಿಯೂ ಸಿಗುವುದಿಲ್ಲ. ದುಡ್ಡು ನೇರ ಸಂಸ್ಥೆಗೆ ಸೇರುವುದಕ್ಕೂ ತಮ್ಮವರ ಕೈಗೆ ಬರುವುದಕ್ಕೂ ಇರುವ ವ್ಯತ್ಯಾಸಕ್ಕೆ ಬ್ರಿಟನ್ನಿನ ಕ್ಯಾಪ್ಟನ್ ಟಾಮ್ ಮೂರ್ ಪ್ರಸಂಗ ನೋಡಿ. 2020ರ ಏಪ್ರಿಲ್‌ನಲ್ಲಿ, ನೂರು ತುಂಬುವ ಮೊದಲು ಮನೆಯಂಗಳದಲ್ಲಿ 100 ಸುತ್ತು ನಡೆಯುತ್ತೇನೆಂದು ಹೊರಟಾಗ ಅವರ ಗುರಿ 1,000 ಪೌಂಡ್. ಬಂದದ್ದು 3 ಕೋಟಿ 20 ಲಕ್ಷಕ್ಕೂ ಹೆಚ್ಚು, ಅದು ಸೇರಿದ್ದು ಆಗಲೇ ಇದ್ದ ಆರೋಗ್ಯ ಸೇವಾ ದತ್ತಿಗಳ ಒಕ್ಕೂಟಕ್ಕೆ. ತೊಂದರೆ ಬಂದದ್ದು ಆಮೇಲೆ ಅವರ ಹೆಸರಿನಲ್ಲಿ ಹುಟ್ಟಿದ ಪ್ರತ್ಯೇಕ ಪ್ರತಿಷ್ಠಾನಕ್ಕೆ. ಅದರ ಆಡಳಿತದಲ್ಲಿ ಕುಟುಂಬಕ್ಕೆ ಖಾಸಗಿ ಲಾಭವಾಗಿದೆ ಎಂದು ದತ್ತಿಗಳ ಆಯೋಗ 2024ರಲ್ಲಿ ವರದಿ ಕೊಟ್ಟಿತು. ಸಂಗ್ರಹಿಸುವವರು ಬೇರೆ, ಇಟ್ಟುಕೊಳ್ಳುವವರು ಬೇರೆ ಆಗಿದ್ದರೆ ನಿಮ್ಮ ನಾಲ್ವರ ಗೆಳೆತನಕ್ಕೂ ಕ್ಷೇಮ.

ಆನ್‌ಲೈನ್ ದೇಣಿಗೆ ವೇದಿಕೆ ಬಳಸುವುದಾದರೆ ಅದರ ಶುಲ್ಕ, ಪಾವತಿಯ ಶುಲ್ಕ ಎರಡನ್ನೂ ಓದಿ. ಕೆಲವು ವೇದಿಕೆಗಳು ಕೊಡುವವರ ಮೊತ್ತದ ಮೇಲೆ ತಮಗೊಂದು ‘ಟಿಪ್’ ತಾವೇ ಸೇರಿಸಿಟ್ಟಿರುತ್ತವೆ, ಅದನ್ನು ಸೊನ್ನೆ ಮಾಡಬಹುದೆಂದು ಸಂದೇಶದಲ್ಲೇ ತಿಳಿಸಿ. ನೀವೇ ಒಂದು ಸಣ್ಣ ಮೊತ್ತ ಹಾಕಿ ಅದು ಕೇಂದ್ರಕ್ಕೆ ಮುಟ್ಟುವವರೆಗೂ ಹಿಂಬಾಲಿಸಿ ನೋಡಿ. ಶೂ, ಊಟ, ಇಂಧನದ ಖರ್ಚು ನಾಲ್ವರ ಸ್ವಂತ ಜೇಬಿನಿಂದ. ಇದನ್ನೂ ಪುಟದಲ್ಲಿ ಬರೆಯಿರಿ, ‘ನಿಮ್ಮ ಮೋಜಿಗೆ ನಾವೇಕೆ ಕೊಡಬೇಕು’ ಎಂಬ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಅದೇ ಜವಾಬು.

ಗುರಿ ಕಟ್ಟುವುದು ಹೀಗೆ. ಒಬ್ಬೊಬ್ಬರು 50 ಹೆಸರು ಬರೆಯಿರಿ. ಎರಡೆರಡು ಕಡೆ ಬಂದವರನ್ನು ತೆಗೆದರೆ 160 ಉಳಿದಾವು. ಮೂರರಲ್ಲೊಬ್ಬರು ಕೊಡುತ್ತಾರೆಂದು ಇಟ್ಟುಕೊಂಡರೆ 53 ಮಂದಿ. ತಲಾ ಸರಾಸರಿ ಒಂದು ದಿನದ ಆರೈಕೆಯ ವೆಚ್ಚ ಎಂದು ಹಿಡಿದರೆ 53 ದಿನ. ನೀವು ನಾಲ್ವರೂ ಎರಡೆರಡು ದಿನದ್ದು ಹಾಕಿ: 61. ಸಾರಿದ ಗುರಿ ‘60 ದಿನಗಳ ಆರೈಕೆ’. ಇದು ಸುಮ್ಮನೆ ದುಂಡು ಮೊತ್ತ ಹೇಳುವುದಕ್ಕಿಂತ ಮನಸ್ಸಿಗೆ ನಾಟುತ್ತದೆ. ಒಂದೇ ಎಚ್ಚರ: ‘ಇಂಥದ್ದಕ್ಕೇ ಬಳಸುತ್ತೇವೆ’ ಎಂದು ಮಾತು ಕೊಟ್ಟರೆ ಕೇಂದ್ರ ಅದಕ್ಕೇ ಬಳಸಬೇಕಾಗುತ್ತದೆ. ವಾಕ್ಯವನ್ನು ಅವರಿಗೆ ತೋರಿಸಿಯೇ ಪ್ರಕಟಿಸಿ.

ಪುಟ ತೆರೆಯುವುದು ಎಂಟು ವಾರ ಮೊದಲು, ಬರಿದಾಗಿ ಅಲ್ಲ. ನಿಮ್ಮ ನಾಲ್ವರದ್ದೂ ಹತ್ತಿರದ ಐದಾರು ಮಂದಿಯದ್ದೂ ಮೊದಲೇ ಬಿದ್ದಿರಲಿ. ಆಮೇಲೆ ಬರುವವರು ಮೇಲಿನ ಮೊತ್ತಗಳನ್ನು ನೋಡಿ ತಮ್ಮದನ್ನು ನಿರ್ಧರಿಸುತ್ತಾರೆ. ಮೊದಲನೆಯದು ತೀರಾ ಚಿಕ್ಕದಾದರೆ ಉಳಿದದ್ದೂ ಅದರ ಆಸುಪಾಸಿಗೇ ನಿಲ್ಲುತ್ತದೆ.

ಗುಂಪು ಸಂದೇಶ ಹಾಕಿ ಸುಮ್ಮನಾಗುವುದೇ ಎಲ್ಲರೂ ಮಾಡುವ ತಪ್ಪು. 200 ಮಂದಿಯ ಗುಂಪಿನಲ್ಲಿ ಕೇಳಿದ್ದು ಯಾರನ್ನೂ ಕೇಳಿದಂತಲ್ಲ. ‘ಶುಭವಾಗಲಿ’ ಎಂಬ ಕೈಮುಗಿದ ಚಿತ್ರಗಳು ಬರುತ್ತವೆ ಅಷ್ಟೆ. ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆಯಿರಿ, ಐದಾರು ಸಾಲು ಸಾಕು: ‘ಅಕ್ಕ, ರವಿವಾರದ ನಡಿಗೆ ಏನು ಅಂತ ಕೇಳಿದ್ದಿರಲ್ಲ. ಅಮ್ಮನನ್ನು ಕೊನೆಯ ವಾರಗಳಲ್ಲಿ ನೋಡಿಕೊಂಡ ಕೇಂದ್ರಕ್ಕಾಗಿ ನಾವು ನಾಲ್ವರು 100 ಕಿ.ಮೀ. ನಡೆಯುತ್ತಿದ್ದೇವೆ. ಒಬ್ಬರ ಒಂದು ದಿನದ ಆರೈಕೆಗೆ ಇಷ್ಟು ಬೇಕಾಗುತ್ತದೆ. ನಿಮ್ಮಿಂದ ಆದಷ್ಟು ಕೊಟ್ಟರೆ ಸಂತೋಷ, ಆಗದಿದ್ದರೆ ಬೇಸರವೇನಿಲ್ಲ. ದುಡ್ಡು ನೇರ ಅವರಿಗೇ ಹೋಗುತ್ತದೆ.’ ಆಮೇಲೆ ಕೊಂಡಿ. ತಾಯಿಯ ವಿಷಯ ಬರೆಯುವ ಮೊದಲು ಆ ಗೆಳೆಯನ ಮನೆಯವರೆಲ್ಲರ ಒಪ್ಪಿಗೆ ಇರಲಿ, ಫೋಟೋ ಬೇಡವೆಂದರೆ ಬೇಡ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಕೇಳಬೇಡಿ, ಅವರಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ಇರುವುದಿಲ್ಲ.

ಎರಡನೇ ಸಲ ನೆನಪಿಸುವುದು ತಪ್ಪಲ್ಲ. ಕೊಡಬೇಕೆಂದುಕೊಂಡು ಮರೆತವರೇ ಹೆಚ್ಚು. ನಡಿಗೆಗೆ ಒಂದು ವಾರ ಇರುವಾಗ ಒಮ್ಮೆ, ಮುಗಿದ ಮರುದಿನ ಒಮ್ಮೆ. ಮೂರನೆಯದು ಕಾಟ. ನಡಿಗೆಯ ದಿನ ಸಹಾಯಕರೊಬ್ಬರು ಪ್ರತಿ ಸುತ್ತಿನ ಕೊನೆಗೆ ಒಂದು ಚಿತ್ರ, ಒಂದು ಸಾಲು ಹಾಕಲಿ. ಟೇಪು ಸುತ್ತಿದ ಪಾದದ ಚಿತ್ರಕ್ಕೆ ನಗುಮುಖದ ಚಿತ್ರಕ್ಕಿಂತ ಹೆಚ್ಚು ಉತ್ತರ ಬರುತ್ತದೆ. ಕುಡಿಯುವ ನೀರಿನಷ್ಟೇ ಗಮನ ಫೋನಿಗೂ ಹೋದರೆ ನಡಿಗೆ ಕೆಡುತ್ತದೆ, ನಡೆಯುವವರ ಫೋನು ತುರ್ತಿಗೆ ಮಾತ್ರ.

ನಿಮ್ಮ ಗೆಳೆಯನ ಆಸೆಗೂ ಸ್ವಲ್ಪ ಜಾಗ ಕೊಡಬಹುದು. ಕಿಲೋಮೀಟರಿಗಿಷ್ಟು ಎಂದು ಕೊಡಬಯಸುವವರು ಇದ್ದೇ ಇರುತ್ತಾರೆ. ಅವರಿಂದ ‘ನಾಲ್ವರ ಒಟ್ಟು ದೂರ’ದ ಮೇಲೆ, ಗರಿಷ್ಠ ಮಿತಿ ಹಾಕಿ ಬರೆಸಿಕೊಳ್ಳಿ. ಆಗ ಒಬ್ಬರು 70ಕ್ಕೆ ನಿಂತು ಮೂವರು 100 ಮುಗಿಸಿದರೂ 370 ಕಿ.ಮೀ. ಲೆಕ್ಕಕ್ಕೆ ಸಿಗುತ್ತದೆ, ಯಾರೊಬ್ಬರ ಮೇಲೂ ಭಾರ ಬೀಳುವುದಿಲ್ಲ. ಇಂಥ ಮಾತಿನ ದೇಣಿಗೆಯನ್ನು ನಡಿಗೆ ಮುಗಿದ ಮೂರು ದಿನದೊಳಗೆ ಕೇಳಿ. ಎರಡು ವಾರ ಬಿಟ್ಟರೆ ಕೇಳಲು ನಿಮಗೂ ಕೊಡಲು ಅವರಿಗೂ ಸಂಕೋಚ.

ಬಂದ ಪ್ರತಿ ದೇಣಿಗೆಗೂ ಎರಡು ದಿನದೊಳಗೆ ಹೆಸರು ಹಿಡಿದು ಧನ್ಯವಾದ ಹೇಳಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು ಗುಂಪಿನಲ್ಲಿ ಹಾಕಬೇಡಿ. ನಡಿಗೆ ಮುಗಿದ 14 ದಿನಕ್ಕೆ ಪುಟ ಮುಚ್ಚಿ, ಬಂದ ಒಟ್ಟು, ವೇದಿಕೆಯ ಶುಲ್ಕ, ಕೇಂದ್ರಕ್ಕೆ ತಲುಪಿದ್ದು ಎಂಬ ಮೂರು ಅಂಕಿಗಳನ್ನು ಕೇಂದ್ರದ ಸ್ವೀಕೃತಿ ಪತ್ರದ ಜೊತೆ ಕೊಟ್ಟವರೆಲ್ಲರಿಗೂ ಕಳಿಸಿ. ಅದರಲ್ಲಿ ನಾಲ್ವರೂ ಎಷ್ಟೆಷ್ಟು ದೂರ ನಡೆದಿರೆಂದೂ ಇದ್ದ ಹಾಗೇ ಬರೆಯಿರಿ, 70 ಆಗಿದ್ದರೆ 70.